ಜಾಗ ಬದಲಿಸಿದವರು: ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಮುನ್ನ ಕೆಲವು ಮಾತು

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವುದೇ ಡ್ರಾಫ್ಟ್. ಅದಕ್ಕೆ ಮುನ್ನ ಆಟಗಾರರ ದೇಹ, ವೇಗ ಅಳೆಯುವ ಕಂಬೈನ್ ಪರೀಕ್ಷೆಗೆಂದು 2020ರ ಫೆಬ್ರವರಿಯಲ್ಲಿ ಇಂಡಿಯಾನಾಪೊಲಿಸ್‌ಗೆ ಬಂದಿದ್ದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಐಸಾಯಾ ಸಿಮನ್ಸ್ ಅವರನ್ನು, ನೀವು ಆಡುವುದು ಯಾವ ಸ್ಥಾನದಲ್ಲಿ ಎಂದು ಪತ್ರಕರ್ತರು ಕೇಳಿದಾಗ, ತಾನು ಆಡುವುದು ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಇಡೀ ಪಡೆ) ಎಂಬುದು ಅವರ ಉತ್ತರವಾಗಿತ್ತು. ಆರು ಅಡಿ ನಾಲ್ಕು ಅಂಗುಲ ಎತ್ತರ, 238 ಪೌಂಡ್ ತೂಕ, 40 ಗಜದ ಓಟ 4.39 ಸೆಕೆಂಡಿನಲ್ಲಿ. ಅಷ್ಟು ದೊಡ್ಡ ದೇಹ ಅಷ್ಟು ಹಗುರವಾಗಿ ಓಡುವುದನ್ನು ಕಂಡು ಮಾರುಹೋದವರಲ್ಲಿ ನಾನೂ ಒಬ್ಬ. ಡ್ರಾಫ್ಟ್ ಸಮಯದಲ್ಲಿ ನಾನು ಬರೆದಿಟ್ಟುಕೊಳ್ಳುವ ಟಿಪ್ಪಣಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಎರಡು ನಕ್ಷತ್ರಗಳನ್ನು ಹಾಕಿದ್ದೆ. ಎಲ್ಲಿ ಬೇಕಾದರೂ ಆಡಬಲ್ಲವನನ್ನು ಆರಿಸಿದರೆ ತಪ್ಪಾಗುವುದು ಹೇಗೆ ಎಂಬುದು ನನ್ನ ಲೆಕ್ಕ. ಅರಿಜೋನಾ ಕಾರ್ಡಿನಲ್ಸ್ ತಂಡವೂ ಹಾಗೆಯೇ ಲೆಕ್ಕ ಹಾಕಿತೆಂದು ಕಾಣುತ್ತದೆ. ಎಂಟನೆಯ ಆಯ್ಕೆಯಾಗಿ ಅವರನ್ನು ಪಡೆದುಕೊಂಡ ಆ ತಂಡ ಮೂರು ಋತುಗಳ ಕಾಲ ಲೈನ್‌ಬ್ಯಾಕರ್ (ಮುಂದಿನ ಸಾಲಿನ ಹಿಂದೆ ನಿಲ್ಲುವವನು), ಸೇಫ್ಟಿ (ಎಲ್ಲರಿಗಿಂತ ಹಿಂದೆ ನಿಲ್ಲುವವನು), ಸ್ಲಾಟ್ ಕಾರ್ನರ್ (ಒಳಬದಿಯಲ್ಲಿ ಪಾಸ್ ಹಿಡಿಯುವವನನ್ನು ಕಾಯುವವನು) ಎಂದು ಅವರನ್ನು ಅಲ್ಲಿಂದಿಲ್ಲಿಗೆ ಎತ್ತಿಡುತ್ತ ಹೋಗಿ, 2023ರ ಆಗಸ್ಟ್‌ನಲ್ಲಿ ಒಂದೇ ಒಂದು ಏಳನೆಯ ಸುತ್ತಿನ ಆಯ್ಕೆಗೆ ಬದಲಾಗಿ ನ್ಯೂಯಾರ್ಕ್ ಜೈಂಟ್ಸ್‌ಗೆ ಬಿಟ್ಟುಕೊಟ್ಟಿತು.

2026ರ ಏಪ್ರಿಲ್ 23ರಂದು ಪಿಟ್ಸ್‌ಬರ್ಗ್‌ನಲ್ಲಿ ಮತ್ತೊಂದು ಡ್ರಾಫ್ಟ್ ಆರಂಭವಾಗಲಿದೆ. ಮೂವತ್ತೆರಡು ತಂಡಗಳು, ಏಳು ಸುತ್ತು, ಹಿಂದಿನ ಋತುವಿನಲ್ಲಿ ಸೋತು ಸುಣ್ಣವಾದ ತಂಡಕ್ಕೆ ಮೊದಲ ಸರದಿ. ಈ ಹೊತ್ತಿನಲ್ಲಿ ಕಾಲೇಜು ಆಟಗಾರರ ಕುರಿತು ಹೊರಬರುವ ವರದಿಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಹೊಗಳಿಕೆಯೆಂದರೆ ಬಹುಮುಖ ಪ್ರತಿಭೆ ಎಂಬುದು. ಸಿಮನ್ಸ್ ಅವರ ನಂತರ ಆ ಮಾತನ್ನು ಕಂಡಾಗಲೆಲ್ಲ ನಾನು ಸ್ವಲ್ಪ ತಡೆದು ಓದುತ್ತೇನೆ. ಜಾಗ ಬದಲಾಯಿಸಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರರಲ್ಲಿ ಹಲವರು ತಮ್ಮ ಮೊದಲ ಸ್ಥಾನವನ್ನು ಬಿಟ್ಟು ಬಂದವರೇ. ನನ್ನ ಆಕ್ಷೇಪವಿರುವುದು, ಮೊದಲು ಆಟಗಾರನನ್ನು ಕೊಂಡು ಆಮೇಲೆ ಅವನಿಗೊಂದು ಕೆಲಸ ಹುಡುಕುವ ಅಭ್ಯಾಸದ ಬಗ್ಗೆ. 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ಅವರ ಕೈಗೆ ವಿಕೆಟ್ ಕೀಪರ್‌ನ ಗ್ಲೌಸ್ ಕೊಟ್ಟಾಗ ಅದು ಏತಕ್ಕೆಂದು ಎಲ್ಲರಿಗೂ ತಿಳಿದಿತ್ತು: ಇನ್ನೊಬ್ಬ ಬ್ಯಾಟರ್‌ಗೆ ತಂಡದಲ್ಲಿ ಜಾಗ ಬೇಕಿತ್ತು. ಸಿಮನ್ಸ್ ಅವರನ್ನು ಏತಕ್ಕೆ ಆರಿಸಿದೆವು ಎಂಬುದಕ್ಕೆ ಕಾರ್ಡಿನಲ್ಸ್ ಬಳಿ ಅಂತಹ ಒಂದು ವಾಕ್ಯದ ಉತ್ತರ ಇದ್ದಂತೆ ನನಗೆ ಎಂದೂ ಅನ್ನಿಸಲಿಲ್ಲ.

ಇದನ್ನು ಬಿಡಿಸಿ ನೋಡಲು ಡಿಫೆನ್ಸ್‌ನ ಎರಡು ಸ್ಥಾನಗಳ ಕೆಲಸವನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಎಡ್ಜ್ ರಷರ್ ನಿಲ್ಲುವುದು ಸಾಲಿನ ತುದಿಯಲ್ಲಿ, ಎದುರಾಳಿ ಸಾಲಿನ ಕೊನೆಯಲ್ಲಿರುವ ಟ್ಯಾಕಲ್‌ನ ಮುಖಕ್ಕೆ ಮುಖ ಕೊಟ್ಟು. ಚೆಂಡು ಸ್ನ್ಯಾಪ್ ಆದ, ಅಂದರೆ ಹಿಂದಕ್ಕೆ ಬಂದು ಆಟ ಶುರುವಾದ ಕ್ಷಣ ಅವನು ಹೊರಡುತ್ತಾನೆ. ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನತ್ತ ನುಗ್ಗುವುದು ಅವನ ಮುಖ್ಯ ಕೆಲಸ, ಓಟದ ಆಟವೆಂದು ಗೊತ್ತಾದರೆ ತುದಿಯನ್ನು ಬಿಟ್ಟುಕೊಡದಿರುವುದು ಎರಡನೆಯದು. ಮೊದಲ ಹೆಜ್ಜೆಯ ವೇಗ, ಕೈಚಳಕ, ಸೊಂಟವನ್ನು ಬಾಗಿಸಿ ತಿರುಗುವ ಶಕ್ತಿ ಇಷ್ಟಿದ್ದರೆ ಕಲಿಯುವುದಕ್ಕೆ ಉಳಿದದ್ದು ಬಹಳವಿದ್ದರೂ, ಆಡುವುದಕ್ಕೆ ಸಾಕಾಗುತ್ತದೆ. ಸಾಲಿನಿಂದ ನಾಲ್ಕೈದು ಗಜ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ನ ಸ್ಥಿತಿ ಬೇರೆ. ಅವನು ಮೊದಲು ಓದಬೇಕು, ಆಮೇಲೆ ಕದಲಬೇಕು. ಟ್ಯಾಕಲ್‌ನ ಒಳಪಕ್ಕದ ಗಾರ್ಡ್ ಯಾವ ಕಡೆಗೆ ಎಳೆದುಕೊಂಡು ಹೋಗುತ್ತಿದ್ದಾನೆ, ಓಡುವ ರನ್ನಿಂಗ್ ಬ್ಯಾಕ್‌ಗೆ ಚೆಂಡು ನಿಜವಾಗಿ ಸಿಕ್ಕಿತೋ ಅದು ಬರಿಯ ನಟನೆಯೋ, ತನ್ನ ಬೆನ್ನ ಹಿಂದೆ ಟೈಟ್ ಎಂಡ್ (ಟ್ಯಾಕಲ್‌ನ ಪಕ್ಕದಿಂದ ಪಾಸ್ ಹಿಡಿಯಲು ಓಡುವವನು) ನುಸುಳುತ್ತಿದ್ದಾನೋ ಎಂಬುದನ್ನೆಲ್ಲ ಒಂದು ಉಸಿರಿನಷ್ಟು ಹೊತ್ತಿನಲ್ಲಿ ತೀರ್ಮಾನಿಸಿ, ತೀರ್ಮಾನ ತಪ್ಪಾದರೆ ಇಪ್ಪತ್ತು ಗಜ ತೆರಬೇಕು. ಹೀಗಾಗಿ ಹಿಂದಿನಿಂದ ಮುಂದಕ್ಕೆ ಬರುವ ಬದಲಾವಣೆ ಆಟಗಾರನ ತಲೆಯ ಹೊರೆಯನ್ನು ಇಳಿಸುತ್ತದೆ, ಮುಂದಿನಿಂದ ಹಿಂದಕ್ಕೆ ಹೋಗುವ ಬದಲಾವಣೆ ಅದನ್ನು ಏರಿಸುತ್ತದೆ ಎಂಬುದು ನಾನು ಇಷ್ಟು ವರ್ಷ ನೋಡಿ ಕಂಡುಕೊಂಡ ಸಂಗತಿ.

ಮೈಕಾ ಪಾರ್ಸನ್ಸ್ ಅವರ ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದೇ ಆದರೂ ಅದರ ಆರಂಭವನ್ನು ಜನ ಮರೆತಿದ್ದಾರೆ. 2021ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ಹನ್ನೆರಡನೆಯ ಆಯ್ಕೆಯಾಗಿ ಅವರನ್ನು ಪಡೆದದ್ದು ಲೈನ್‌ಬ್ಯಾಕರ್ ಎಂದು. ಅದಕ್ಕಿಂತ ಮುಂಚೆ ತಂಡದ ಕಣ್ಣಿದ್ದದ್ದು ಪಾಸ್ ಹಿಡಿಯುವವರನ್ನು ಕಾಯುವ ಕಾರ್ನರ್‌ಬ್ಯಾಕ್‌ಗಳ ಮೇಲೆ. ಜೇಸಿ ಹಾರ್ನ್ ಎಂಟನೆಯವರಾಗಿಯೂ ಪ್ಯಾಟ್ರಿಕ್ ಸರ್ಟೇನ್ ಒಂಬತ್ತನೆಯವರಾಗಿಯೂ ಕೈತಪ್ಪಿದ ಮೇಲೆ ಕೌಬಾಯ್ಸ್ ಹತ್ತನೆಯ ಸರದಿಯನ್ನು ಬಿಟ್ಟುಕೊಟ್ಟು ಎರಡು ಮೆಟ್ಟಿಲು ಕೆಳಗಿಳಿದಿತ್ತು. ಋತುವಿನ ಎರಡನೆಯ ವಾರಕ್ಕೆ ಡಿಮಾರ್ಕಸ್ ಲಾರೆನ್ಸ್ ಅವರ ಪಾದದ ಮೂಳೆ ಅಭ್ಯಾಸದಲ್ಲಿ ಮುರಿಯಿತು, ರ‍್ಯಾಂಡಿ ಗ್ರೆಗರಿ ಕೋವಿಡ್ ಪಟ್ಟಿ ಸೇರಿದರು. ಸಾಲಿನ ತುದಿಯಲ್ಲಿ ನಿಲ್ಲಲು ಜನರೇ ಇಲ್ಲದೆ ಹೋದಾಗ ಚಾರ್ಜರ್ಸ್ ವಿರುದ್ಧ ಪಾರ್ಸನ್ಸ್ ಅವರನ್ನು ಅಲ್ಲಿ ನಿಲ್ಲಿಸಲಾಯಿತು. ಆ ಋತು ಮುಗಿಯುವಾಗ ಅವರ ಲೆಕ್ಕದಲ್ಲಿ 13 ಸ್ಯಾಕ್‌ಗಳಿದ್ದವು (ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದೇ ಸ್ಯಾಕ್). ವರ್ಷದ ಶ್ರೇಷ್ಠ ನವ ಡಿಫೆನ್ಸ್ ಆಟಗಾರನೆಂಬ ಪ್ರಶಸ್ತಿಯೂ ಬಂತು. ಗಾಯಾಳುಗಳ ಪಟ್ಟಿ ಮಾಡಿದ ಈ ಆವಿಷ್ಕಾರದ ಶ್ರೇಯಸ್ಸನ್ನು ಆಮೇಲೆ ಎಷ್ಟು ಮಂದಿ ಹಂಚಿಕೊಂಡರೆಂಬುದು ಬೇರೆ ಮಾತು. ಆದರೆ ಅದು ಪೂರಾ ಅದೃಷ್ಟವೂ ಆಗಿರಲಿಲ್ಲ. ಪ್ರೌಢಶಾಲೆಯಲ್ಲಿ ಪಾರ್ಸನ್ಸ್ ಹೆಸರು ಮಾಡಿದ್ದೇ ಸಾಲಿನ ತುದಿಯ ಡಿಫೆನ್ಸಿವ್ ಎಂಡ್ ಆಗಿ, ಲೈನ್‌ಬ್ಯಾಕರ್ ಮಾಡಿದ್ದು ಪೆನ್ ಸ್ಟೇಟ್ ವಿಶ್ವವಿದ್ಯಾಲಯ. ಅವರನ್ನು ಹೊಸ ಜಾಗಕ್ಕೆ ಕಳಿಸಿದರೆಂದು ನಾವು ಅಂದುಕೊಂಡಾಗ ಅವರು ತವರಿಗೆ ಮರಳಿದ್ದರು.

ಇದರ ತಿರುವುಮುರುವು ಹಾಸನ್ ರೆಡಿಕ್ ಅವರ ಕಥೆ, ಮತ್ತು ನನ್ನ ಮಟ್ಟಿಗೆ ಇದೇ ಹೆಚ್ಚು ಪಾಠ ಹೇಳುವಂಥದ್ದು. ಟೆಂಪಲ್ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿವೇತನವೂ ಇಲ್ಲದೆ ಸೇರಿಕೊಂಡ ಅವರು ಕೊನೆಗೆ ಸಾಲಿನ ತುದಿಯಿಂದ ನುಗ್ಗುವ ಆಟಗಾರನಾಗಿ ಬೆಳೆದರು. 2017ರಲ್ಲಿ ಹದಿಮೂರನೆಯ ಆಯ್ಕೆಯಾಗಿ ಅವರನ್ನು ಪಡೆದ ತಂಡ, ಮತ್ತೆ ಅದೇ ಕಾರ್ಡಿನಲ್ಸ್, ಆ ಕೆಲಸಕ್ಕೆ ಇವರ ದೇಹ ಚಿಕ್ಕದೆಂದು ಬಗೆದು ಒಳಗಿನ ಲೈನ್‌ಬ್ಯಾಕರ್ ಜಾಗಕ್ಕೆ ಹಾಕಿತು. ಮೂರು ವರ್ಷ ಅವರು ಅಲ್ಲಿ ಓದುತ್ತ, ತಡವಾಗುತ್ತ, ತಪ್ಪುತ್ತ ಕಳೆದರು. 2020ರ ಮೇ ತಿಂಗಳಿನಲ್ಲಿ ಅವರ ಒಪ್ಪಂದದ ಐದನೆಯ ವರ್ಷವನ್ನು ಮುಂದುವರಿಸುವುದಿಲ್ಲ ಎಂದು ತಂಡ ತೀರ್ಮಾನಿಸಿತು. ಆ ಋತುವಿನಲ್ಲಿ ಚಾಂಡ್ಲರ್ ಜೋನ್ಸ್ ಗಾಯಗೊಂಡು ಹೊರಗುಳಿದಾಗ ತುದಿಯ ಜಾಗ ಮತ್ತೆ ರೆಡಿಕ್ ಅವರ ಪಾಲಿಗೆ ಬಂತು: ಆ ವರ್ಷ ಹನ್ನೆರಡೂವರೆ ಸ್ಯಾಕ್, ಅದರಲ್ಲಿ ಐದು ಜೈಂಟ್ಸ್ ವಿರುದ್ಧದ ಒಂದೇ ಪಂದ್ಯದಲ್ಲಿ. ಮರುವರ್ಷ ಕ್ಯಾರೊಲೈನಾ ಪ್ಯಾಂಥರ್ಸ್‌ನಲ್ಲಿ ಹನ್ನೊಂದು, 2022ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ನಲ್ಲಿ ಹದಿನಾರು. ಅಂದರೆ ಒಬ್ಬ ಮೊದಲ ದರ್ಜೆಯ ಎಡ್ಜ್ ರಷರ್ ಕೈಯಲ್ಲಿದ್ದರೂ ಮೂರು ವರ್ಷ ಅವನನ್ನು ಎರಡನೆಯ ದರ್ಜೆಯ ಲೈನ್‌ಬ್ಯಾಕರ್ ಮಾಡಲು ಒಂದು ತಂಡ ಹೆಣಗಿತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎಂಬ ಮಾತು ಇಂಥದ್ದಕ್ಕೇ ಹುಟ್ಟಿರಬೇಕು. ಅದೇ ತಂಡ 2021ರಲ್ಲಿ ಹದಿನಾರನೆಯ ಆಯ್ಕೆಯಾಗಿ ಪಡೆದ ಝೇವನ್ ಕಾಲಿನ್ಸ್ ಅವರನ್ನೂ ಮೊದಲು ಒಳಗಿನ ಲೈನ್‌ಬ್ಯಾಕರ್ ಮಾಡಿ 2023ರಲ್ಲಿ ತುದಿಗೆ ಕಳಿಸಿತು. ಮೂರು ಮೊದಲ ಸುತ್ತಿನ ಆಯ್ಕೆಗಳು, ಮೂರಕ್ಕೂ ಒಂದೇ ಗೊಂದಲ. ಮೂರು ಸಲ ನಡೆದದ್ದನ್ನು ಆಟಗಾರರ ದೌರ್ಬಲ್ಯವೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ದೇಹ ಚಿಕ್ಕದು ಎಂಬ ಕಾರಣಕ್ಕೆ ಜಾಗ ಬದಲಿಸುವುದು ಮತ್ತು ಕೆಲಸ ಹಗುರಾಗುತ್ತದೆ ಎಂಬ ಕಾರಣಕ್ಕೆ ಜಾಗ ಬದಲಿಸುವುದು ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. 2025ರ ಡ್ರಾಫ್ಟ್‌ನಲ್ಲಿ ಈ ಎರಡನೆಯ ಬಗೆಯ ಒಳ್ಳೆಯ ಮಾದರಿಯೆಂದರೆ ಅಬ್ದುಲ್ ಕಾರ್ಟರ್. ಪೆನ್ ಸ್ಟೇಟ್‌ನಲ್ಲಿ ಎರಡು ವರ್ಷ ಲೈನ್‌ಬ್ಯಾಕರ್ ಆಗಿದ್ದ ಅವರನ್ನು 2024ರಲ್ಲಿ ತುದಿಗೆ ತಂದು ನಿಲ್ಲಿಸಿದರು. ಆ ಒಂದೇ ಋತುವಿನಲ್ಲಿ 12 ಸ್ಯಾಕ್ ಗಳಿಸಿ ಅವರು ಒಟ್ಟಾರೆ ಮೂರನೆಯ ಆಯ್ಕೆಯಾಗಿ ಜೈಂಟ್ಸ್ ಸೇರಿದರು. ಇಲ್ಲಿ ಬದಲಾವಣೆಯ ಪ್ರಯೋಗವೂ ಅದರ ಅಪಾಯವೂ ಕಾಲೇಜಿನಲ್ಲೇ ಮುಗಿದುಹೋಗಿದ್ದವು, ವೃತ್ತಿಪರ ತಂಡ ಊಹೆಗೆ ಬೆಲೆ ಕೊಡಬೇಕಾಗಿರಲಿಲ್ಲ. ಅದೇ ಮೊದಲ ಸುತ್ತಿನಲ್ಲಿ ಮೂವತ್ತೊಂದನೆಯವರಾಗಿ ಈಗಲ್ಸ್‌ಗೆ ಹೋದ ಅಲಬಾಮಾದ ಜಿಹಾದ್ ಕ್ಯಾಂಪ್‌ಬೆಲ್ ನನ್ನ ನಿಯಮಕ್ಕೆ ಸ್ವಲ್ಪ ಒಗ್ಗದವರು: ತುದಿಯ ಆಟಗಾರನಾಗಿ ಕಾಲೇಜಿಗೆ ಬಂದ ಅವರು ಹಿಂದಕ್ಕೆ ಸರಿದು ಲೈನ್‌ಬ್ಯಾಕರ್ ಆದವರು, ಅಂದರೆ ಹೆಚ್ಚು ಕಷ್ಟದ ದಿಕ್ಕಿನಲ್ಲಿ ನಡೆದವರು. ಅವರಿಗೆ ಅದಕ್ಕೆ ವರ್ಷಗಳ ಸಮಯ ಸಿಕ್ಕಿತ್ತು ಎಂಬುದೇ ವ್ಯತ್ಯಾಸವೆಂದು ನನ್ನ ಊಹೆ. ರೆಡಿಕ್ ಅವರಿಗೆ ಅದನ್ನು ಕಲಿಯಬೇಕಾಗಿ ಬಂದದ್ದು ಭಾನುವಾರ ಮಧ್ಯಾಹ್ನಗಳಲ್ಲಿ, ಎಪ್ಪತ್ತು ಸಾವಿರ ಜನರ ಮುಂದೆ.

ಸ್ಥಾನದ ಹೆಸರಿನ ಹಿಂದೆ ಹಣದ ಲೆಕ್ಕವೂ ಇದೆ, ಮತ್ತು ಅದನ್ನು ಬಿಟ್ಟು ಈ ಚರ್ಚೆ ನಡೆಸುವುದು ಆಟಗಾರರಿಗೆ ಮಾಡುವ ಅನ್ಯಾಯ. 2025ರ ಆಗಸ್ಟ್‌ನಲ್ಲಿ ಪಾರ್ಸನ್ಸ್ ಅವರನ್ನು ಗ್ರೀನ್ ಬೇ ಪ್ಯಾಕರ್ಸ್ ತಂಡ ಎರಡು ಮೊದಲ ಸುತ್ತಿನ ಆಯ್ಕೆಗಳನ್ನೂ ಕೆನ್ನಿ ಕ್ಲಾರ್ಕ್ ಅವರನ್ನೂ ಕೊಟ್ಟು ಪಡೆದುಕೊಂಡಾಗ ಬರೆದ ಒಪ್ಪಂದ ನಾಲ್ಕು ವರ್ಷಕ್ಕೆ 18 ಕೋಟಿ 80 ಲಕ್ಷ ಡಾಲರ್, ವರ್ಷಕ್ಕೆ 4 ಕೋಟಿ 70 ಲಕ್ಷ. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಫ್ರೆಡ್ ವಾರ್ನರ್ ಪಡೆದ ಮುಂದುವರಿಕೆ ಮೂರು ವರ್ಷಕ್ಕೆ 6 ಕೋಟಿ 30 ಲಕ್ಷ, ಅಂದರೆ ವರ್ಷಕ್ಕೆ 2 ಕೋಟಿ 10 ಲಕ್ಷ. ವಾರ್ನರ್ ಅವರಿಗಿಂತ ಚೆನ್ನಾಗಿ ಲೈನ್‌ಬ್ಯಾಕರ್ ಕೆಲಸ ಮಾಡುವವರನ್ನು ಈ ದಶಕದಲ್ಲಿ ನಾನು ಕಂಡಿಲ್ಲ, ಆದರೂ ಐದು ಗಜ ಹಿಂದೆ ನಿಂತದ್ದಕ್ಕೆ ಅರ್ಧಕ್ಕಿಂತ ಕಡಿಮೆ ಸಂಬಳ. ಡ್ರಾಫ್ಟ್‌ನ ದಿನ ತರಬೇತುದಾರನೊಬ್ಬ ಇವನನ್ನು ಒಳಗೆ ಆಡಿಸೋಣ ಎಂದು ಹೇಳುವಾಗ ಆ ಹುಡುಗನ ಎರಡನೆಯ ಒಪ್ಪಂದದ ಗಾತ್ರವನ್ನೂ ನಿರ್ಧರಿಸುತ್ತಿರುತ್ತಾನೆ.

ಈ ಜಗಳ ಒಮ್ಮೆ ಪಂಚಾಯಿತಿಗೂ ಹೋಗಿತ್ತು. 2014ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡ ಜಿಮ್ಮಿ ಗ್ರಹಾಂ ಅವರ ಮೇಲೆ ಫ್ರಾಂಚೈಸ್ ಟ್ಯಾಗ್ ಹಾಕಿತು, ಅಂದರೆ ಸ್ಥಾನಕ್ಕೆ ತಕ್ಕ ನಿಗದಿತ ಸಂಬಳಕ್ಕೆ ಒಂದು ವರ್ಷ ಉಳಿಸಿಕೊಳ್ಳುವ ಹಕ್ಕು ಬಳಸಿತು. ಟೈಟ್ ಎಂಡ್ ಎಂದಾದರೆ ಅದರ ಮೊತ್ತ ಸುಮಾರು 70 ಲಕ್ಷ ಡಾಲರ್, ಪಾಸ್ ಹಿಡಿಯುವುದೇ ಕೆಲಸವಾದ ವೈಡ್ ರಿಸೀವರ್ ಎಂದಾದರೆ ಸುಮಾರು 1 ಕೋಟಿ 20 ಲಕ್ಷ. ಅರ್ಧಕ್ಕಿಂತ ಹೆಚ್ಚು ಆಟಗಳಲ್ಲಿ ತಾನು ನಿಂತದ್ದು ಟ್ಯಾಕಲ್‌ನ ಪಕ್ಕದಲ್ಲಲ್ಲ, ದೂರದಲ್ಲಿ ಎಂಬುದು ಗ್ರಹಾಂ ಅವರ ವಾದ. ಸ್ಲಾಟ್‌ನಲ್ಲಿ (ಸಾಲಿಗೂ ಹೊರಗಿನ ರಿಸೀವರ್‌ಗೂ ನಡುವೆ) ನಿಂತರೂ ಸಾಲಿಗೆ ಹತ್ತಿರವಿದ್ದರೆ ಅದು ಟೈಟ್ ಎಂಡ್ ಕೆಲಸವೇ ಎಂದು ಮಧ್ಯಸ್ಥಗಾರರು ತಂಡದ ಪರವಾಗಿ ತೀರ್ಪು ಕೊಟ್ಟರು. ಕೊನೆಗೆ ಇಬ್ಬರೂ ನಾಲ್ಕು ವರ್ಷದ ಒಪ್ಪಂದಕ್ಕೆ ಬಂದರು. ಇಷ್ಟೆಲ್ಲ ಗಜಗಡ್ಡಿ ಹಿಡಿದು ಅಳೆಯುವ ಲೀಗ್, ಅದೇ ಟ್ಯಾಗ್‌ಗೆ ಬಂದಾಗ ಟ್ಯಾಕಲ್, ಗಾರ್ಡ್, ಸೆಂಟರ್ ಮೂವರನ್ನೂ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಆಫೆನ್ಸಿವ್ ಲೈನ್ ಎಂಬ ಒಂದೇ ಚೀಲಕ್ಕೆ ಹಾಕುತ್ತದೆ ಎಂಬುದು ನನಗೆ ಯಾವಾಗಲೂ ತಮಾಷೆಯಾಗಿ ಕಂಡಿದೆ.

ಆಫೆನ್ಸಿವ್ ಲೈನ್‌ನಲ್ಲಿ ಪ್ರತಿ ವರ್ಷ ತಪ್ಪದೆ ಬರುವ ಪ್ರಶ್ನೆ ತೋಳಿನ ಉದ್ದದ್ದು: ನುಗ್ಗುವವನನ್ನು ದೂರದಲ್ಲೇ ತಡೆಯಲು ಟ್ಯಾಕಲ್‌ಗೆ ಉದ್ದ ತೋಳು ಬೇಕೆಂಬ ನಂಬಿಕೆ. ಎಲ್‌ಎಸ್‌ಯುವಿನ (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಎಡ ಟ್ಯಾಕಲ್ ವಿಲ್ ಕ್ಯಾಂಪ್‌ಬೆಲ್ ಅವರ ತೋಳು 2025ರ ಕಂಬೈನ್‌ನಲ್ಲಿ 32 ಮತ್ತು ಐದೆಂಟಾಂಶ ಅಂಗುಲ ಎಂದು ಅಳತೆಗೆ ಬಂದಾಗ, ಇವರು ಗಾರ್ಡ್ ಆಗಬೇಕಾದವರು ಎಂಬ ಮಾತು ಒಂದು ತಿಂಗಳು ನಿಲ್ಲಲಿಲ್ಲ. ಆಮೇಲೆ ವಿಶ್ವವಿದ್ಯಾಲಯದಲ್ಲಿ ಅಳೆದಾಗ ಅದು 33 ಅಂಗುಲವಾಯಿತು. ಅಳತೆಪಟ್ಟಿ ಹಿಡಿದವರ ಕೈಯಲ್ಲಿ ಕಾಲಂಗುಲಕ್ಕೂ ಹೆಚ್ಚು ಏರುಪೇರಾಗುವ ಒಂದು ಸಂಖ್ಯೆಯ ಮೇಲೆ ಮನುಷ್ಯನೊಬ್ಬನ ಸ್ಥಾನ ತೀರ್ಮಾನವಾಗುವುದಾದರೆ ಆ ತೀರ್ಮಾನಕ್ಕೆ ಎಷ್ಟು ಬೆಲೆ ಎಂದು ಕೇಳಬೇಕಾಗುತ್ತದೆ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ನಾಲ್ಕನೆಯ ಆಯ್ಕೆಯಾಗಿ ಅವರನ್ನು ಪಡೆದು ಎಡ ಟ್ಯಾಕಲ್ ಆಗಿಯೇ ಆಡಿಸಿತು. ಕ್ಲೀವ್‌ಲ್ಯಾಂಡ್‌ನಲ್ಲಿ ಸತತ 10,363 ಸ್ನ್ಯಾಪ್‌ಗಳನ್ನು ಆಡಿ ಹಾಲ್ ಆಫ್ ಫೇಮ್ ಸೇರಿದ ಜೋ ಥಾಮಸ್ ಅವರ ತೋಳೂ ಉದ್ದದ್ದಾಗಿರಲಿಲ್ಲ.

ಹಾಗೆಂದು ಉದ್ದಕ್ಕೆ ಅರ್ಥವೇ ಇಲ್ಲ ಎಂದೂ ಅಲ್ಲ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ ಎರಡು ವರ್ಷದ ಅಂತರದಲ್ಲಿ ಬಂದ ಇಬ್ಬರು ಎಡ ಟ್ಯಾಕಲ್‌ಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ವಿಷಯ ತಿಳಿಯಾಗುತ್ತದೆ. 2021ರಲ್ಲಿ ಚಾರ್ಜರ್ಸ್ ಸೇರಿದ ರಶಾನ್ ಸ್ಲೇಟರ್ ಅವರ ತೋಳು 33 ಅಂಗುಲ; ಅವರು ಟ್ಯಾಕಲ್ ಆಗಿಯೇ ಉಳಿದು ಮೊದಲ ವರ್ಷವೇ ತಾರಾ ಆಟಗಾರರ ಪ್ರೊ ಬೌಲ್‌ಗೆ ಹೋದರು. 2023ರಲ್ಲಿ ಟೆನೆಸ್ಸಿ ಟೈಟನ್ಸ್ ಸೇರಿದ ಪೀಟರ್ ಸ್ಕೊರೊನ್ಸ್‌ಕಿ ಅವರದು 32 ಮತ್ತು ಕಾಲು. ಅವರನ್ನು ಮೊದಲ ದಿನದಿಂದಲೇ ಗಾರ್ಡ್ ಮಾಡಿದರು. ಮುಕ್ಕಾಲು ಅಂಗುಲವೇ ಎಲ್ಲವನ್ನೂ ತೀರ್ಮಾನಿಸಿತೆಂದು ನಾನು ನಂಬುವುದಿಲ್ಲ, ಸ್ಲೇಟರ್ ಅವರ ಪಾದಗಳ ಹಗುರತೆ ಬೇರೆಯದೇ ದರ್ಜೆಯದು. ಎರಡೂ ತಂಡಗಳು ತಾವು ಏನು ಮಾಡುತ್ತಿದ್ದೇವೆಂದು ಬಲ್ಲವಾಗಿದ್ದವು ಎಂಬುದಷ್ಟೇ ಇಲ್ಲಿ ಮುಖ್ಯ. ನೋಟರ್ ಡೇಮ್‌ನಲ್ಲಿ ಎಡ ಟ್ಯಾಕಲ್ ಆಗಿದ್ದ ಝ್ಯಾಕ್ ಮಾರ್ಟಿನ್ ಅವರನ್ನು 2014ರಲ್ಲಿ ಕೌಬಾಯ್ಸ್ ಗಾರ್ಡ್ ಮಾಡಿತು, ಏಳು ಬಾರಿ ಅವರು ಮೊದಲ ತಂಡದ ಆಲ್-ಪ್ರೊ (ಲೀಗ್‌ನ ವರ್ಷದ ಅತ್ಯುತ್ತಮರ ಪಟ್ಟಿ) ಆದರು. ಟ್ಯಾಕಲ್‌ನಿಂದ ಗಾರ್ಡ್‌ಗೆ ಬರುವಾಗ ರಕ್ಷಿಸಬೇಕಾದ ಬಯಲು ಕಿರಿದಾಗುತ್ತದೆ, ಎರಡೂ ಪಕ್ಕದಲ್ಲಿ ಗೆಳೆಯರಿರುತ್ತಾರೆ, ಎದುರಿಗಿರುವವನು ಮಾತ್ರ ಮೂವತ್ತು ನಲವತ್ತು ಪೌಂಡ್ ಹೆಚ್ಚು ತೂಗುತ್ತಾನೆ. ಇಲ್ಲಿಯೂ ಕೆಲಸ ಕಡಿಮೆಯಾಗುವ ದಿಕ್ಕೇ ಸಲೀಸು.

ಎಡದಿಂದ ಬಲಕ್ಕೆ ಹೋಗುವುದು ಸುಲಭವೆಂದು ಕಾಣುತ್ತದೆ, ಆದರೆ ಆಡಿದವರು ಹಾಗೆ ಹೇಳುವುದಿಲ್ಲ. ಹಿಂದಿಡುವ ಪಾದ, ಮೊದಲು ಚಾಚುವ ಕೈ, ಭಾರ ಹೊರುವ ಸೊಂಟ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಳ್ಳುತ್ತವೆ. ಬಲಗೈಯಲ್ಲಿ ಬರೆಯುವವನು ಎಡಗೈಯಲ್ಲಿ ಸಹಿ ಮಾಡಿದ ಹಾಗೆ. ಒರೆಗಾನ್‌ನಲ್ಲಿ ಎಡ ಟ್ಯಾಕಲ್ ಆಗಿದ್ದ ಪೆನೆ ಸ್ಯೂಯೆಲ್ ಡೆಟ್ರಾಯ್ಟ್ ಲಯನ್ಸ್‌ಗೆ ಬಂದು ಬಲಕ್ಕೆ ಸರಿದು ಆಲ್-ಪ್ರೊ ಆದರು. ಟ್ಯಾಂಪಾ ಬೇಯ ಟ್ರಿಸ್ಟನ್ ವಿರ್ಫ್ಸ್ 2021ರಲ್ಲಿ ಬಲ ಟ್ಯಾಕಲ್ ಆಗಿ ಆಲ್-ಪ್ರೊ ಮೊದಲ ತಂಡ ಸೇರಿ, 2023ರಲ್ಲಿ ಎಡಕ್ಕೆ ಹೋಗಿ, 2024ರಲ್ಲಿ ಅಲ್ಲಿಯೂ ಅದೇ ಗೌರವ ಪಡೆದರು. ಸಿಮನ್ಸ್ ಆಯ್ಕೆಯಾದ 2020ರ ಡ್ರಾಫ್ಟ್‌ನಲ್ಲೇ ಐದು ಸರದಿ ಕಳೆದು ಸಿಕ್ಕವರು ವಿರ್ಫ್ಸ್. ಇಂಥ ಬದಲಾವಣೆಯನ್ನು ಮುಂಚಿತವಾಗಿ ಪರೀಕ್ಷಿಸಲು ಒಳ್ಳೆಯ ಜಾಗವೆಂದರೆ ಅಲಬಾಮಾದ ಮೊಬೀಲ್‌ನಲ್ಲಿ ಕಾಲೇಜು ಆಟಗಾರರಿಗಾಗಿ ನಡೆಯುವ ಸೀನಿಯರ್ ಬೌಲ್ ಪಂದ್ಯ. ನಾರ್ತ್ ಡಕೋಟಾ ಸ್ಟೇಟ್‌ನಲ್ಲಿ ಎಡ ಟ್ಯಾಕಲ್ ಆಗಿದ್ದ ಗ್ರೇ ಝೇಬಲ್ 2025ರ ಆರಂಭದಲ್ಲಿ ಅಲ್ಲಿ ಒಂದು ವಾರ ಒಳಗಿನ ಸ್ಥಾನಗಳಲ್ಲಿ ನಿಂತು ಆಡಿ ತೋರಿಸಿದರು. ಸಿಯಾಟಲ್ ಸೀಹಾಕ್ಸ್ ಹದಿನೆಂಟನೆಯ ಆಯ್ಕೆಯಾಗಿ ಅವರನ್ನು ಪಡೆದು ಎಡ ಗಾರ್ಡ್ ಜಾಗದಲ್ಲಿ ನಿಲ್ಲಿಸಿತು. ಡ್ರಾಫ್ಟ್ ಕುರಿತ ನನ್ನ ಅಂದಾಜುಗಳಲ್ಲಿ ಸರಿಹೋದ ಕೆಲವೇ ಕೆಲವಲ್ಲಿ ಇದೂ ಒಂದು, ಆದ್ದರಿಂದ ಹೇಳಿಕೊಳ್ಳದೆ ಬಿಡಲಾರೆ.

ಕ್ವಾರ್ಟರ್‌ಬ್ಯಾಕ್‌ಗಳ ವಿಷಯಕ್ಕೆ ಬಂದಾಗ ಸ್ವರ ಬದಲಾಗಬೇಕಾಗುತ್ತದೆ. ಜೂಲಿಯನ್ ಎಡಲ್‌ಮನ್ ಕೆಂಟ್ ಸ್ಟೇಟ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದು, 2009ರಲ್ಲಿ 232ನೆಯ ಆಯ್ಕೆಯಾಗಿ ಪೇಟ್ರಿಯಟ್ಸ್ ಸೇರಿ, ಎದುರಾಳಿ ಒದ್ದ ಚೆಂಡನ್ನು (ಪಂಟ್) ಹಿಡಿದು ಓಡುತ್ತ, ಜನವಿಲ್ಲದಾಗ ಡಿಫೆನ್ಸ್‌ನಲ್ಲಿಯೂ ನಿಲ್ಲುತ್ತ, ಐದನೆಯ ವರ್ಷದಲ್ಲಿ ಮೊದಲ ಬಾರಿಗೆ ಸಾವಿರ ಗಜ ದಾಟಿದ ರಿಸೀವರ್ ಆದರು ಎಂಬುದು ಸುಖಾಂತ್ಯದ ಕಥೆ. ಆದರೆ ಇದೇ ಸಲಹೆಯನ್ನು ದಶಕಗಳ ಕಾಲ ಕಪ್ಪು ವರ್ಣೀಯ ಕ್ವಾರ್ಟರ್‌ಬ್ಯಾಕ್‌ಗಳಿಗೆ ಕೊಟ್ಟದ್ದರ ಹಿಂದೆ ಆಟದ ಲೆಕ್ಕ ಮಾತ್ರ ಇರಲಿಲ್ಲ. ಮಾರ್ಲಿನ್ ಬ್ರಿಸ್ಕೊ ಅವರನ್ನು ಡೆನ್ವರ್ ಬ್ರಾಂಕೋಸ್ 1968ರಲ್ಲಿ ಆರಿಸಿದ್ದು ಡಿಫೆನ್ಸಿವ್ ಬ್ಯಾಕ್ ಆಗಿ. ಬೇರೆಯವರು ಗಾಯಗೊಂಡು, ವಿಫಲರಾಗಿ, ಕೊನೆಗೆ ಅವಕಾಶ ಸಿಕ್ಕಾಗ ಆ ಋತುವಿನಲ್ಲಿ ಅವರು 14 ಟಚ್‌ಡೌನ್ (ಕೊನೆಯ ಗೆರೆ ದಾಟಿ ಅಂಕ ಗಳಿಸುವ) ಪಾಸ್ ಎಸೆದರು. ಮರುವರ್ಷ ಡೆನ್ವರ್‌ನಲ್ಲಿ ಅವರಿಗೆ ಆ ಸ್ಥಾನ ಉಳಿಯಲಿಲ್ಲ. ಬಫಲೋಗೆ ಹೋಗಿ ರಿಸೀವರ್ ಆದರು, ಅಲ್ಲಿ ಆಲ್-ಸ್ಟಾರ್ ಮಟ್ಟದ ಆಟ ಆಡಿದರು, ಒಂದೂ ಪಂದ್ಯ ಸೋಲದ 1972ರ ಮಯಾಮಿ ಡಾಲ್ಫಿನ್ಸ್ ತಂಡದಲ್ಲಿದ್ದರು. ಜಾಗ ಬದಲಿಸಿ ಗೆದ್ದವರೆಂದು ಅವರನ್ನು ಉದಾಹರಿಸಬಹುದು, ಆದರೆ ಅದು ಅವರು ಬಯಸಿ ಬದಲಿಸಿದ ಜಾಗವಾಗಿರಲಿಲ್ಲ. ವಾರನ್ ಮೂನ್ 1978ರಲ್ಲಿ ಡ್ರಾಫ್ಟ್‌ಗೆ ಮುನ್ನವೇ ಕೆನಡಾದ ಎಡ್ಮಂಟನ್ ತಂಡದೊಂದಿಗೆ ಒಪ್ಪಂದ ಮಾಡಿಕೊಂಡು, ಅಲ್ಲಿನ ಲೀಗ್‌ನ ಗ್ರೇ ಕಪ್ ಅನ್ನು ಐದು ಬಾರಿ ಗೆದ್ದು ಬಂದು, ಕ್ವಾರ್ಟರ್‌ಬ್ಯಾಕ್ ಆಗಿಯೇ ಹಾಲ್ ಆಫ್ ಫೇಮ್ ಸೇರಿದರು.

ಈ ಹಿನ್ನೆಲೆ ಗೊತ್ತಿದ್ದವರಿಗೆ 2018ರಲ್ಲಿ ಕಪ್ಪು ವರ್ಣೀಯ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ರಿಸೀವರ್ ಆಗುವುದೊಳಿತು ಎಂದು ಮಾಜಿ ತಂಡ ವ್ಯವಸ್ಥಾಪಕ ಬಿಲ್ ಪೋಲಿಯನ್ ಹೇಳಿದಾಗ ಬರಿಯ ತಾಂತ್ರಿಕ ಅಭಿಪ್ರಾಯ ಕೇಳಿಸಲಿಲ್ಲ. ಜಾಕ್ಸನ್ ಕಂಬೈನ್‌ನಲ್ಲಿ 40 ಗಜದ ಓಟ ಓಡಲಿಲ್ಲ. ಓಡಿದ್ದರೆ ಗಡಿಯಾರದ ಸಂಖ್ಯೆಯನ್ನೇ ಸಾಕ್ಷಿಯನ್ನಾಗಿಸಿ ಅವರನ್ನು ರಿಸೀವರ್ ಮಾಡಲು ಹೊರಡುತ್ತಿದ್ದರು. ಓಡದಿದ್ದದ್ದು ಜಾಣತನವೆಂದು ಆಗಲೂ ಅನ್ನಿಸಿತ್ತು. ನಾಲ್ವರು ಕ್ವಾರ್ಟರ್‌ಬ್ಯಾಕ್‌ಗಳು ಮುಂದೆ ಹೋದ ಮೇಲೆ, ಮೊದಲ ಸುತ್ತಿನ ಕಟ್ಟಕಡೆಯ ಸರದಿಯಲ್ಲಿ ಬಾಲ್ಟಿಮೋರ್ ಅವರನ್ನು ಪಡೆಯಿತು. 2019ರ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿಗೆ ಅವರದು ಸರ್ವಾನುಮತದ ಆಯ್ಕೆ; 2023ರಲ್ಲಿ, ಸರ್ವಾನುಮತವಿಲ್ಲದಿದ್ದರೂ, ಅದೇ ಪ್ರಶಸ್ತಿ ಮತ್ತೊಮ್ಮೆ ಬಂತು. ತಮ್ಮ ಅಂದಾಜು ತಪ್ಪಾಗಿತ್ತೆಂದು ಪೋಲಿಯನ್ ಆಮೇಲೆ ಒಪ್ಪಿಕೊಂಡರು. ನನ್ನ ಸಿಮನ್ಸ್ ನಕ್ಷತ್ರಗಳನ್ನು ನೆನೆದು ನಾನು ಅವರ ಮೇಲೆ ಹೆಚ್ಚು ಕೋಪ ಮಾಡಿಕೊಳ್ಳುವ ಸ್ಥಿತಿಯಲ್ಲಿಲ್ಲ.

ಟ್ರಾವಿಸ್ ಹಂಟರ್ ಕುರಿತು ಮಾತ್ರ ನನ್ನ ನಿಲುವು ಇನ್ನೂ ಗಟ್ಟಿಯಾಗಿಲ್ಲ. ಕೊಲರಾಡೊದಲ್ಲಿ ಕಾರ್ನರ್‌ಬ್ಯಾಕ್ ಮತ್ತು ರಿಸೀವರ್ ಎರಡನ್ನೂ ಪೂರ್ಣಾವಧಿಯಾಗಿ ಆಡಿ ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 2024ರಲ್ಲಿ ಪಡೆದ ಅವರು, ಆ ಋತುವಿನಲ್ಲಿ 96 ಪಾಸ್ ಹಿಡಿದು 15 ಟಚ್‌ಡೌನ್ ಗಳಿಸಿದ್ದಲ್ಲದೆ ನಾಲ್ಕು ಇಂಟರ್‌ಸೆಪ್ಷನ್ (ಎದುರಾಳಿಯ ಪಾಸ್ ಕಸಿಯುವುದು) ಕೂಡ ಮಾಡಿದ್ದರು. ಜಾಕ್ಸನ್‌ವಿಲ್ ಜಾಗ್ವಾರ್ಸ್ ಐದನೆಯ ಸರದಿಯಿಂದ ಎರಡನೆಯದಕ್ಕೆ ಏರಲು 2026ರ ಮೊದಲ ಸುತ್ತಿನ ಆಯ್ಕೆಯನ್ನೂ ಸೇರಿಸಿ ಬೆಲೆ ತೆತ್ತಿತು. ಎನ್‌ಎಫ್‌ಎಲ್‌ನಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದೆಂಬ ನಿಯಮ 1950ರಲ್ಲಿ ಶಾಶ್ವತವಾದ ಮೇಲೆ ಎರಡೂ ಕಡೆ ಆಡುವವರ ಕಾಲ ಮುಗಿಯಿತು. 1960ರಲ್ಲಿ ಸೆಂಟರ್ ಮತ್ತು ಲೈನ್‌ಬ್ಯಾಕರ್ ಎರಡೂ ಆಗಿ ಈಗಲ್ಸ್‌ಗೆ ಪ್ರಶಸ್ತಿ ತಂದ ಚಕ್ ಬೆಡ್ನರಿಕ್ ಆ ಪೀಳಿಗೆಯ ಕೊನೆಯವರು. ಹಂಟರ್ ಮೊದಲ ಋತುವಿನಲ್ಲಿ ಏಳು ಪಂದ್ಯ ಆಡಿ, ಹೆಚ್ಚಾಗಿ ರಿಸೀವರ್ ಆಗಿ 28 ಪಾಸ್ ಹಿಡಿದು, ಅಭ್ಯಾಸದಲ್ಲಿ ಮೊಣಕಾಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಎರಡು ಕೆಲಸ ಮಾಡಿದ್ದೇ ಗಾಯಕ್ಕೆ ಕಾರಣವೆಂದು ಹೇಳುವವರನ್ನು ನಾನು ನಂಬುವುದಿಲ್ಲ, ಅಭ್ಯಾಸದಲ್ಲಿ ಮೊಣಕಾಲು ತಿರುಚಿಕೊಳ್ಳಲು ಒಂದೇ ಸ್ಥಾನ ಸಾಕು. ನನಗೆ ಕಾಡುವುದು ಬೇರೆ ಸಂಗತಿ: ವಾರದ ಸಭೆಗಳ ಹೊತ್ತು ಎರಡು ಕೊಠಡಿಗಳ ನಡುವೆ ಹಂಚಿಹೋಗುತ್ತದೆ, ಮತ್ತು ರಿಸೀವರ್ ಕಲಿಕೆ ಹೆಚ್ಚು ಬೇಡುವ ಕೆಲಸ. ನನ್ನನ್ನು ಕೇಳಿದರೆ ಅವರನ್ನು ಮೊದಲು ಕಾರ್ನರ್‌ಬ್ಯಾಕ್ ಆಗಿ ನೆಲೆಗೊಳಿಸಿ, ರಿಸೀವರ್ ಆಗಿ ಪಂದ್ಯಕ್ಕೆ ಹತ್ತು ಹದಿನೈದು ಆಟಗಳನ್ನಷ್ಟೇ ಕೊಡುವುದು ಸರಿ. ಜಾಗ್ವಾರ್ಸ್ ಮಾಡಿದ್ದು ಹೆಚ್ಚುಕಡಿಮೆ ಇದರ ವಿರುದ್ಧವಾದದ್ದನ್ನು. ಆದರೂ ಸಿಮನ್ಸ್ ಅವರಿಗೂ ಇವರಿಗೂ ಒಂದು ದೊಡ್ಡ ವ್ಯತ್ಯಾಸವಿದೆ: ಎರಡು ಕೆಲಸಗಳೂ ಯಾವುವೆಂದು ಇಲ್ಲಿ ಎಲ್ಲರಿಗೂ ಗೊತ್ತು.

ಇನ್ನು ಈ ವರ್ಷದ ಹುಡುಗರು. ಒಹಾಯೊ ಸ್ಟೇಟ್‌ನಿಂದಲೇ ಇಬ್ಬರು ಈ ಪ್ರಶ್ನೆಯನ್ನು ಎದುರಿಗಿಟ್ಟಿದ್ದಾರೆ. ಸನ್ನಿ ಸ್ಟೈಲ್ಸ್ ಸೇಫ್ಟಿ ಆಗಿ ಬಂದು 2024ರಲ್ಲಿ ಲೈನ್‌ಬ್ಯಾಕರ್ ಆದವರು. ಜಾಗ ಬದಲಿಸುವುದು ಆ ಮನೆಯಲ್ಲಿ ಹೊಸದೂ ಅಲ್ಲ. ಅಣ್ಣ ಲೊರೆಂಜೊ ನೋಟರ್ ಡೇಮ್‌ನಲ್ಲಿ ರಿಸೀವರ್ ಆಗಿದ್ದು ಒಹಾಯೊಗೆ ಬಂದು ಡಿಫೆನ್ಸಿವ್ ಬ್ಯಾಕ್ ಆದರು, ತಂದೆ ಎನ್‌ಎಫ್‌ಎಲ್‌ನಲ್ಲಿ ಲೈನ್‌ಬ್ಯಾಕರ್ ಆಗಿದ್ದವರು. ಸ್ಟೈಲ್ಸ್ ಅವರ ಮೊದಲ ವರ್ಷದ ಆಟದಲ್ಲಿ ಗಾರ್ಡ್‌ಗಳು ಮೈಮೇಲೆ ಬಂದಾಗ ಸಿಕ್ಕಿಕೊಳ್ಳುವ ತೊಂದರೆ ಎದ್ದು ಕಾಣುತ್ತಿತ್ತು. ಎರಡನೆಯ ವರ್ಷದಲ್ಲಿ ಅದು ಬಹಳ ಮಟ್ಟಿಗೆ ಇಳಿದಿದೆ, ಸೇಫ್ಟಿ ಆಗಿದ್ದಾಗ ಕಲಿತ ಪಾಸ್ ಕಾಯುವ ಕೌಶಲ ಹಾಗೆಯೇ ಉಳಿದಿದೆ. ಬದಲಾವಣೆ ಮುಗಿದು ಎರಡು ಋತುಗಳ ಸಾಕ್ಷಿ ಇರುವ ಆಟಗಾರ ಇವರು. ಇವರನ್ನು ಪಡೆಯುವ ತಂಡ ಮತ್ತೆ ಹಿಂದಕ್ಕೆ ಸೇಫ್ಟಿ ಮಾಡಲು ಹೊರಡದಿದ್ದರೆ ಸಾಕು.

ಆರ್ವೆಲ್ ರೀಸ್ ಅವರ ವಿಷಯ ತೊಡಕಿನದು. 2025ರಲ್ಲಿ ತರಬೇತುದಾರ ಮ್ಯಾಟ್ ಪೆಟ್ರಿಷಿಯಾ ಅವರ ಡಿಫೆನ್ಸ್‌ನಲ್ಲಿ ಅವರು ಒಳಗಿನ ಲೈನ್‌ಬ್ಯಾಕರ್ ಆಗಿಯೂ ತುದಿಯಿಂದ ನುಗ್ಗುವವರಾಗಿಯೂ ಆಡಿದರು, ಎರಡರಲ್ಲಿಯೂ ಕಣ್ಣು ಕೀಳದಂತೆ ಆಡಿದರು. ಪಾರ್ಸನ್ಸ್ ಅವರ ಹೆಸರು ಹೋಲಿಕೆಗೆ ಬರುತ್ತಿರುವುದು ಸಹಜ, ದಿಕ್ಕಿನ ಪ್ರಕಾರ ನೋಡಿದರೂ ಅವರನ್ನು ಮುಂದಕ್ಕೆ ತರುವುದೇ ಸರಿ ಎಂದು ನನಗನ್ನಿಸುತ್ತದೆ. ಆದರೆ ತುದಿಯಲ್ಲಿ ಅವರ ಹೆಚ್ಚಿನ ಯಶಸ್ಸು ಬಂದದ್ದು ಎದುರಾಳಿಗೆ ಅವರು ಎಲ್ಲಿಂದ ಬರುತ್ತಾರೆಂದು ತಿಳಿಯದಿದ್ದಾಗ. ಪ್ರತಿ ಸ್ನ್ಯಾಪ್‌ನಲ್ಲಿಯೂ ಅದೇ ಟ್ಯಾಕಲ್ ಎದುರು ನಿಂತಾಗ ಬೇಕಾಗುವ ಎರಡನೆಯ, ಮೂರನೆಯ ಪಟ್ಟುಗಳು ಅವರ ಬಳಿ ಇನ್ನೂ ಇಲ್ಲ. ಮೊದಲ ವರ್ಷ ನಾಲ್ಕೈದು ಸ್ಯಾಕ್ ಮಾತ್ರ ಬಂದರೂ ಎದೆಗುಂದದೆ ಅಲ್ಲಿಯೇ ಬಿಡುವ ತಾಳ್ಮೆಯುಳ್ಳ ತಂಡ ಅವರಿಗೆ ಬೇಕು. ಋತುವಿನ ನಡುವೆ ಒಳಗಿನ ಲೈನ್‌ಬ್ಯಾಕರ್ ಒಬ್ಬ ಗಾಯಗೊಂಡನೆಂದು ಹಿಂದಕ್ಕೆ ಕರೆದು, ಮತ್ತೆ ನಾಲ್ಕು ವಾರಕ್ಕೆ ಮುಂದಕ್ಕೆ ತಳ್ಳುವ ತಂಡಕ್ಕೆ ಹೋದರೆ ನನಗೆ ಭಯವಿದೆ. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ಈ ಬಾರಿ ಸ್ಟೈಲ್ಸ್ ಹೆಸರಿನ ಮುಂದೆ ಒಂದು ನಕ್ಷತ್ರ ಹಾಕಿದ್ದೇನೆ. ರೀಸ್ ಹೆಸರಿನ ಮುಂದಿನ ಜಾಗವನ್ನು, ಏಪ್ರಿಲ್ 23ರ ರಾತ್ರಿ ಅವರ ಹೆಸರನ್ನು ಕರೆಯುವವರು ಯಾರೆಂದು ಗೊತ್ತಾಗುವವರೆಗೆ, ಖಾಲಿ ಬಿಟ್ಟಿದ್ದೇನೆ.